ಊರಿನವರ ಮುಂದೆ ಹವಾಗುಣ ಬದಲಾವಣೆ ಬಗ್ಗೆ ಮಾತಾಡುವುದು ಹೇಗೆ?

"ಪರಿಸರ ದಿನಕ್ಕೆ ನಮ್ಮ ಶಾಲೆಯಲ್ಲಿ ಮಾತಾಡಬೇಕು, ಏನು ಹೇಳಲಿ?" "ಸ್ವಸಹಾಯ ಸಂಘದವರು ಕರೆದಿದ್ದಾರೆ, ಕ್ಲೈಮೇಟ್ ಚೇಂಜ್ ಅಂದ್ರೆ ಅವರಿಗೆ ಹೇಗೆ ತಿಳಿಸೋದು?" ಜೂನ್ 5 ಹತ್ತಿರ ಬಂದಂತೆ ಈ ಪ್ರಶ್ನೆಗಳು ಸಾಲುಗಟ್ಟಿ ಬರುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನೀವು ಶಿಕ್ಷಕರಾಗಿರಬಹುದು, ಪಂಚಾಯಿತಿ ಸದಸ್ಯರಾಗಿರಬಹುದು, ಅಪಾರ್ಟ್‌ಮೆಂಟ್ ಸಂಘದವರಾಗಿರಬಹುದು. ಹಂತಗಳು ಎಲ್ಲರಿಗೂ ಒಂದೇ.

ಒಂದು ವಿಷಯ ಮೊದಲೇ ಮನಸ್ಸಲ್ಲಿರಲಿ. ನೀವು ಊರಿಗೆ ಹೊಸ ಸುದ್ದಿ ಹೊತ್ತು ಹೋಗುತ್ತಿಲ್ಲ. ಮಳೆಯ ಲೆಕ್ಕ ತಪ್ಪಿದ್ದು, ಬೋರ್‌ವೆಲ್ ಬತ್ತಿದ್ದು, ರಾತ್ರಿಯ ಸೆಕೆ ಜಾಸ್ತಿಯಾಗಿದ್ದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಅವರು ಕಂಡಿದ್ದಕ್ಕೆ ಒಂದು ಅಂಕಿ, ಒಂದು ಕಾರಣ, ಮುಂದೆ ಮಾಡಬಹುದಾದ ಒಂದು ಕೆಲಸ ಜೋಡಿಸಿ ಕೊಡುವುದಷ್ಟೇ ನಿಮ್ಮ ಪಾಲಿನದು.

ಏನೇನು ಬೇಕು?

ಮುಕ್ಕಾಲು ಗಂಟೆ ಸಮಯ. ಮಳೆ ನಕ್ಷತ್ರ ಇರುವ ಒಂದು ಗೋಡೆ ಕ್ಯಾಲೆಂಡರ್. ಒಂದು ದೊಡ್ಡ ಹಾಳೆ, ಮಾರ್ಕರ್ ಪೆನ್ನು. ಎರಡು ಲೀಟರ್‌ನ ಎರಡು ಖಾಲಿ ಪ್ಲಾಸ್ಟಿಕ್ ಬಾಟಲಿ, ಹೊಲದ ಮಣ್ಣು, ಒಂದು ಹಿಡಿ ರಾಗಿ ಹುಲ್ಲು ಅಥವಾ ತರಗೆಲೆ, ಎರಡು ಗಾಜಿನ ಲೋಟ, ನೀರು. ಪ್ರೊಜೆಕ್ಟರ್ ಬೇಡ. ಕತ್ತಲೆ ಕೋಣೆಯಲ್ಲಿ ಕೂತ ಜನ ಮಾತಾಡುವುದಿಲ್ಲ, ಸುಮ್ನೆ ನೋಡುತ್ತಾರೆ.

ಹಂತ 1: ಪದಗಳನ್ನು ಸರಿಮಾಡಿಕೊಳ್ಳಿ

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಹವಾಮಾನ ಎಂದರೆ ಇವತ್ತು, ನಾಳೆ, ಈ ವಾರದ ಮಾತು: ಮೋಡ, ಮಳೆ, ಬಿಸಿಲು. ಹವಾಗುಣ ಎಂದರೆ ಒಂದು ಊರಿನ ಮೂವತ್ತು, ನಲವತ್ತು ವರ್ಷಗಳ ರೂಢಿ. ಪತ್ರಿಕೆಗಳು 'ಹವಾಮಾನ ಬದಲಾವಣೆ', 'ಹವಾಮಾನ ವೈಪರೀತ್ಯ' ಎಂದು ಎರಡಕ್ಕೂ ಒಂದೇ ಪದ ಬಳಸಿ ಗೋಜಲು ಮಾಡಿವೆ. "ಹವಾಮಾನ ದಿನಾ ಬದಲಾಗುತ್ತಲ್ಲ ಸಾರ್, ಅದರಲ್ಲೇನು ವಿಶೇಷ?" ಎಂದು ಯಾರಾದರೂ ಕೇಳಿದರೆ ತಪ್ಪು ಅವರದ್ದಲ್ಲ, ಪದದ್ದು. ನಾನು ಯಾವಾಗಲೂ 'ಹವಾಗುಣ' ಎನ್ನುತ್ತೇನೆ, ಪಕ್ಕದಲ್ಲೇ ವಿವರಿಸುತ್ತೇನೆ: "ಹವಾಮಾನ ಅಂದ್ರೆ ಒಬ್ಬರ ಇವತ್ತಿನ ಮೂಡ್, ಹವಾಗುಣ ಅಂದ್ರೆ ಅವರ ಸ್ವಭಾವ. ಈಗ ಸ್ವಭಾವವೇ ಬದಲಾಗುತ್ತಿದೆ." ಕೇಳುವವರು ಹವಾಮಾನ ಎಂದೇ ಹೇಳುತ್ತಿದ್ದರೆ ತಿದ್ದಲು ಹೋಗಬೇಡಿ. ನಿಮ್ಮ ಬಾಯಲ್ಲಿ ಸರಿಯಿದ್ದರೆ ಸಾಕು.

'ಸುಸ್ಥಿರತೆ' ಇನ್ನೂ ಕಷ್ಟದ ಪದ. ಭಾಷಣದಲ್ಲಿ ಬರುತ್ತದೆ, ಮನೆಯಲ್ಲಿ ಯಾರೂ ಆಡುವುದಿಲ್ಲ. ಸಂಘದ ಹೆಂಗಸರಿಗೆ ಅಸಲು, ಬಡ್ಡಿ ಎಂದರೆ ತಕ್ಷಣ ಹೊಳೆಯುತ್ತದೆ. ಮಳೆಯಿಂದ ವರ್ಷ ವರ್ಷ ಭೂಮಿಗೆ ಇಂಗುವ ನೀರು ಬಡ್ಡಿ. ಸಾವಿರ ಅಡಿ ಕೆಳಗಿನ ನೀರು ಅಸಲು. ಬಡ್ಡಿಯಲ್ಲಿ ಬದುಕಿದರೆ ಮೊಮ್ಮಕ್ಕಳಿಗೂ ಉಳಿಯುತ್ತದೆ, ಅಸಲು ತೆಗೆದರೆ ಒಂದು ದಿನ ಪಾಸ್‌ಬುಕ್ ಖಾಲಿ. ಕರಾವಳಿಯವರಿಗೆ ಇದನ್ನೂ ಹೇಳಬೇಕಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲೇ ನಿಲ್ಲುತ್ತವೆ, ಮೀನು ಮರಿ ಮಾಡಲಿ ಎಂದು. ಸುಸ್ಥಿರತೆ ಎಂದರೆ ಅದೇ.

ಇನ್ನು 'ಹಸಿರುಮನೆ ಅನಿಲ', 'ಇಂಗಾಲದ ಹೆಜ್ಜೆಗುರುತು', 'ನೆಟ್ ಝೀರೋ' ಇವುಗಳಲ್ಲಿ ಮೊದಲನೆಯದು ಮಾತ್ರ ನಿಮಗೆ ಬೇಕಾಗುತ್ತದೆ. ಉಳಿದವು ಬೇಕಿಲ್ಲ.

ಹಂತ 2: ಕೂತವರು ಯಾರು, ಎಲ್ಲಿ ಕೂರುತ್ತಾರೆ?

ಮಾತನ್ನು ಕೇಳುವವರ ಹೊಟ್ಟೆಪಾಡಿನಿಂದ ಶುರು ಮಾಡಿ. ಚಿಕ್ಕಮಗಳೂರು, ಕೊಡಗಿನ ಕಾಫಿ ಬೆಳೆಗಾರರಿಗೆ ಹೂ ಮಳೆ ಯಾವಾಗ ಬಂತು, ಕಣದಲ್ಲಿ ಕಾಫಿ ಒಣಗುವಾಗ ಮಳೆ ಬಂತಾ ಎಂಬುದು ಮುಖ್ಯ. ಶಿರಸಿ, ತೀರ್ಥಹಳ್ಳಿ ಕಡೆ ಅಡಿಕೆಯ ಕೊಳೆ ರೋಗ. ಆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಒಂದೆರಡು ದಿನ ಮಳೆ ಬಿಡುವು ಕೊಡಬೇಕು, ಆ ಬಿಡುವೇ ಸಿಗದಿದ್ದರೆ ಗೊನೆಯ ಕಾಯಿ ಉದುರುತ್ತದೆ. ಕಲಬುರಗಿ, ರಾಯಚೂರಿನಲ್ಲಿ ಬಿಸಿಲು. ಅಲ್ಲಿನ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಹೊಲದಲ್ಲಿ ಕೂಲಿ ಮಾಡುವವರಿಗೂ ಆ ಅನುಕೂಲ ಬೇಡವೇ ಎಂದು ಕೇಳಿ ನೋಡಿ, ಚರ್ಚೆ ತಾನಾಗಿ ಹುಟ್ಟುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಟ್ಯಾಂಕರ್ ಬಿಲ್ ಸಾಕು.

ಜಾಗದ ಬಗ್ಗೆ ಒಂದು ಸಲಹೆ. ಜನರನ್ನು ನಿಮ್ಮ ಸಭೆಗೆ ಕರೆಯಬೇಡಿ, ಅವರು ಈಗಾಗಲೇ ಸೇರುವ ಕಡೆಗೆ ನೀವೇ ಹೋಗಿ. ಬೆಳಿಗ್ಗೆ ಹಾಲಿನ ಡೇರಿ, ಸಂಘದ ವಾರದ ಸಭೆ, ಅರಳಿಕಟ್ಟೆ. ಮಧ್ಯಾಹ್ನ ಸಮುದಾಯ ಭವನದಲ್ಲಿ ಇಟ್ಟರೆ ಗಂಡಸರಷ್ಟೇ ಬರುತ್ತಾರೆ. ನೀರು ಹೊರುವವರು ಬರುವುದಿಲ್ಲ.

ಹಂತ 3: ಊರಿನದ್ದೇ ಅಂಕಿ ತನ್ನಿ

ಹಿಮಕರಡಿ, ಕರಗುವ ಹಿಮನದಿ ಬೇಡ. ನಿಮ್ಮ ಹೋಬಳಿಯ ಮಳೆ ಲೆಕ್ಕ ಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಅಳೆಯುವ ಮಳೆಮಾಪಕಗಳನ್ನು ಕೂರಿಸಿದೆ. ಅದರ ವೆಬ್‌ಸೈಟ್‌ನಲ್ಲಿ ಮಳೆಯ ವಿವರ ಸಿಗುತ್ತದೆ. ರೈತರಿಗೆ 'ವರುಣ ಮಿತ್ರ' ಸಹಾಯವಾಣಿಯೂ ಇದೆ. ಹಳೆಯ ಲೆಕ್ಕ ಬೇಕಾದರೆ ತಾಲ್ಲೂಕು ಕಚೇರಿ, ಕೃಷಿ ವಿಜ್ಞಾನ ಕೇಂದ್ರ, ದೊಡ್ಡ ಎಸ್ಟೇಟ್‌ಗಳಲ್ಲಿ ಕೇಳಿ. ಕಾಫಿ ತೋಟಗಳಲ್ಲಿ ಮಳೆ ಬರೆದಿಟ್ಟ ಪುಸ್ತಕ ಹಲವು ಮನೆಗಳಲ್ಲಿರುತ್ತದೆ.

ಎರಡು ಪದ ಗೊತ್ತಿರಲಿ. 'ವಾಡಿಕೆ ಮಳೆ' ಎಂದರೆ ಹಲವು ದಶಕಗಳ ಸರಾಸರಿ. 'ಮಳೆ ದಿನ' ಎಂದರೆ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆ ಬಿದ್ದ ದಿನ.

ಎಚ್ಚರಿಕೆ: ಬರೀ ವರ್ಷದ ಒಟ್ಟು ಮಳೆ ನೋಡಬೇಡಿ. 25 ದಿನ 20 ಮಿಲಿಮೀಟರ್‌ನಂತೆ ಬಿದ್ದರೂ 500, ಐದೇ ದಿನ 100ರಂತೆ ಸುರಿದರೂ 500. ಕಾಗದದಲ್ಲಿ ಎರಡೂ 'ವಾಡಿಕೆ'. ಮೊದಲನೆಯದು ರಾಗಿ ಬೆಳೆಸುತ್ತದೆ, ಎರಡನೆಯದು ಬದು ಒಡೆಯುತ್ತದೆ. ಅದಕ್ಕೇ ಮಳೆ ದಿನ ಎಷ್ಟು, ನಡುವೆ ಒಣ ಬಿದ್ದ ದಿನ ಎಷ್ಟು ಎಂದು ಎಣಿಸಿಕೊಂಡು ಹೋಗಿ.

ಮಿಲಿಮೀಟರ್ ಎಂದರೆ ಹೆಚ್ಚಿನವರಿಗೆ ಕಣ್ಣಿಗೆ ಕಟ್ಟುವುದಿಲ್ಲ. ಲೀಟರಿಗೆ ತಿರುಗಿಸಿ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಎಂದರೆ 1 ಲೀಟರ್ ನೀರು. 30X40 ಸೈಟ್ ಸುಮಾರು 111 ಚದರ ಮೀಟರ್. ಎರಡು ಇಂಚು, ಅಂದರೆ 50 ಮಿಲಿಮೀಟರ್ ಮಳೆ ಬಂದರೆ ಆ ಸೈಟ್ ಮೇಲೆ ಬಿದ್ದದ್ದು ಸುಮಾರು 5,500 ಲೀಟರ್. ಹತ್ತಿರ ಹತ್ತಿರ ಒಂದು ಟ್ಯಾಂಕರ್! ಈ ಲೆಕ್ಕವನ್ನು ಹಾಳೆ ಮೇಲೆ ಎಲ್ಲರೆದುರು ಮಾಡಿ ತೋರಿಸಿ, ಮಕ್ಕಳಿಂದಲೇ ಗುಣಿಸಿ.

ಹಂತ 4: ಮೊದಲ ಹತ್ತು ನಿಮಿಷ ನೀವು ಮಾತಾಡಬೇಡಿ

ಕ್ಯಾಲೆಂಡರ್ ನೇತುಹಾಕಿ. ರೋಹಿಣಿ ಮೇ 25ರ ಹೊತ್ತಿಗೆ, ಮೃಗಶಿರ ಜೂನ್ 8ರ ಹೊತ್ತಿಗೆ, ಆರಿದ್ರ ಜೂನ್ 22ರ ಹೊತ್ತಿಗೆ ಹುಟ್ಟುತ್ತವೆ. ಕೂತವರಲ್ಲಿ ಹಿರಿಯರನ್ನು ಕೇಳಿ: "ನೀವು ಹೊಸದಾಗಿ ಬೇಸಾಯ ಶುರು ಮಾಡಿದಾಗ ಯಾವ ಮಳೆಗೆ ಏನು ಬಿತ್ತುತ್ತಿದ್ದಿರಿ? ಈಗ?" ಹಾಳೆಯಲ್ಲಿ ಎರಡು ಕಾಲಂ ಎಳೆಯಿರಿ, 'ಆಗ' ಮತ್ತು 'ಈಗ'. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯಿರಿ. ಹದ ಮಳೆ, ಸೋನೆ ಮಳೆ, ಜಡಿ ಮಳೆ ಎಂದರೆ ಹಾಗೇ ಬರೆಯಿರಿ. "ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು" ಎಂದು ಯಾರಾದರೂ ಗಾದೆ ತೆಗೆದರೆ ಆ ಹದಿಮೂರು ಹದಿನಾಲ್ಕು ದಿನದಲ್ಲಿ ಕಳೆದ ಐದು ವರ್ಷ ಏನಾಯಿತು ಎಂದು ಕೇಳಿ.

ಆಮೇಲೆ ನೀವು ತಂದ ಅಂಕಿಯನ್ನು ಪಕ್ಕದಲ್ಲಿಡಿ. ನೆನಪು ಮತ್ತು ಅಂಕಿ ಕೆಲವು ಸಲ ಹೊಂದುವುದಿಲ್ಲ. ಹಾಗಾದಾಗ ಮುಚ್ಚಿಡಬೇಡಿ. "ನಿಮ್ಮ ನೆನಪು ಹೀಗಿದೆ, ಪುಸ್ತಕ ಹೀಗೆ ಹೇಳುತ್ತಿದೆ, ಯಾಕಿರಬಹುದು?" ಎಂದು ಕೇಳಿ. ಆ ಚರ್ಚೆಯಲ್ಲೇ ನಂಬಿಕೆ ಬೆಳೆಯುತ್ತದೆ.

ಹಂತ 5: ಕಾರಣ ಹೇಳಿ, ಮೂರೇ ಮಾತಿನಲ್ಲಿ

ಒಂದು, ಭೂಮಿಯ ಸುತ್ತ ಗಾಳಿಯ ಕಂಬಳಿ ಇದೆ. ಕಂಬಳಿ ತಾನು ಬಿಸಿ ಕೊಡುವುದಿಲ್ಲ, ಮೈಯ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ. ಹಾಗೆ ತಡೆಯುವ ಅನಿಲಗಳಿಗೇ ಹಸಿರುಮನೆ ಅನಿಲ ಎನ್ನುವುದು. ಅವು ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗಿರುತ್ತಿತ್ತು. ಕಂಬಳಿ ಬೇಕೇ ಬೇಕು, ಅದು ದಪ್ಪ ಆಗುತ್ತಿರುವುದು ತೊಂದರೆ.

ಎರಡು, ದಪ್ಪ ಮಾಡಿದ್ದು ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್, ಗ್ಯಾಸ್ ಸುಟ್ಟ ಹೊಗೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 280 ಇಂಗಾಲದ ಡೈಆಕ್ಸೈಡ್ ಇತ್ತು. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಅಳೆಯಲು ಶುರು ಮಾಡಿದಾಗ 315ರ ಆಸುಪಾಸು. ಈಗ 420 ದಾಟಿದೆ.

ಮೂರು, ಬಿಸಿಯಾದ ಗಾಳಿ ಹೆಚ್ಚು ತೇವ ಹಿಡಿಯುತ್ತದೆ, ಒಂದು ಡಿಗ್ರಿಗೆ ಸುಮಾರು ಶೇ 7ರಷ್ಟು ಜಾಸ್ತಿ. ಬೇಸಿಗೆಯಲ್ಲಿ ಬಟ್ಟೆ ಬೇಗ ಒಣಗುತ್ತಲ್ವಾ? ಹೊಲವೂ ಹಾಗೇ ಬೇಗ ಒಣಗುತ್ತದೆ. ಎಳೆದುಕೊಂಡ ತೇವವನ್ನು ಮೋಡ ಒಮ್ಮೆಗೇ ಸುರಿಯುತ್ತದೆ. "ಒಂದ್ಸಲ ಬರ ಅಂತೀರಿ, ಇನ್ನೊಂದ್ಸಲ ನೆರೆ ಅಂತೀರಿ, ಯಾವುದು ನಿಜ?" ಎಂಬ ಪ್ರಶ್ನೆಗೆ ಉತ್ತರ ಈ ಮೂರನೇ ಮಾತಿನಲ್ಲೇ ಇದೆ. ನಮ್ಮ ರಾಜ್ಯದಲ್ಲಿ 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ ತೀರದಲ್ಲಿ ನೆರೆ. 2023ರಲ್ಲಿ 223 ತಾಲ್ಲೂಕುಗಳಲ್ಲಿ ಬರ. ನಡುವೆ ನಾಲ್ಕೇ ವರ್ಷ.

ಎಚ್ಚರಿಕೆ: "1.5 ಡಿಗ್ರಿ" ಎಂದು ಸುಮ್ನೆ ಹೇಳಿಬಿಟ್ಟರೆ ಜನ ನಕ್ಕುಬಿಡುತ್ತಾರೆ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸ ನೋಡುವವರು ಅವರು. ಇದು ಇಡೀ ಭೂಮಿಯ, ಇಡೀ ವರ್ಷದ ಸರಾಸರಿ ಕಾರ್ಖಾನೆಗಳ ಕಾಲಕ್ಕೆ ಮುಂಚಿನದ್ದಕ್ಕಿಂತ ಎಷ್ಟು ಏರಿತು ಎಂಬ ಲೆಕ್ಕ ಎಂದು ಬಿಡಿಸಿ ಹೇಳಿ. ನಮ್ಮ ಮೈಯ ಸರಾಸರಿ 1.5 ಡಿಗ್ರಿ ಸೆಲ್ಸಿಯಸ್ ಏರಿದರೆ ಥರ್ಮಾಮೀಟರ್ 98.6 ಫ್ಯಾರನ್‌ಹೀಟ್‌ನಿಂದ 101.3ಕ್ಕೆ ಹೋಗುತ್ತದೆ. 2024ನೇ ವರ್ಷ ಭೂಮಿ ಆ 1.5ರ ಗೆರೆ ದಾಟಿತು, ದಾಖಲೆಯಲ್ಲೇ ಅತಿ ಬಿಸಿಯ ವರ್ಷ ಅದು.

ಇನ್ನೊಂದು ಎಚ್ಚರಿಕೆ: ಓಝೋನ್ ಪದರದ ತೂತನ್ನು ಇದಕ್ಕೆ ಬೆರೆಸಬೇಡಿ. ಶಾಲೆಗಳಲ್ಲಿ ಈ ತಪ್ಪು ತುಂಬ ಆಗುತ್ತದೆ. ಅದು ಬೇರೆ ಸಮಸ್ಯೆ, ಅದಕ್ಕೆ 1987ರ ಮಾಂಟ್ರಿಯಲ್ ಒಪ್ಪಂದದಿಂದ ದಾರಿಯೂ ಸಿಕ್ಕಿತು. ಪ್ಲಾಸ್ಟಿಕ್ ಕಸವೂ ಬೇರೆಯೇ ವಿಷಯ, ಅದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ.

ಹಂತ 6: ಬಾಟಲಿ ಪ್ರಯೋಗ

ಇಡೀ ಸಭೆಯಲ್ಲಿ ಜನ ನೆನಪಿಟ್ಟುಕೊಳ್ಳುವುದು ಇದನ್ನೇ. ಎರಡೂ ಬಾಟಲಿಗಳನ್ನು ಅಡ್ಡ ಮಲಗಿಸಿ ಮೇಲಿನ ಹೊಟ್ಟೆ ಭಾಗ ಕತ್ತರಿಸಿ. ಮಣ್ಣು ತುಂಬಿ, ಸ್ವಲ್ಪ ನೀರು ಚಿಮುಕಿಸಿ, ಅಂಗೈಯಲ್ಲಿ ಒತ್ತಿ ಗಟ್ಟಿ ಮಾಡಿ. ಒಂದರ ಮೇಲೆ ಹುಲ್ಲು ಹೊದಿಸಿ, ಇನ್ನೊಂದು ಬೋಳಾಗಿರಲಿ. ಹಿಂಬದಿಗೆ ಒಂದು ಪುಸ್ತಕ ಕೊಟ್ಟು ಬಾಯಿ ಇಳಿಜಾರಾಗುವಂತೆ ಇಡಿ. ಮುಚ್ಚಳ ತೆಗೆದು ಕೆಳಗೆ ಗಾಜಿನ ಲೋಟ ಹಿಡಿಯಿರಿ. ಎರಡಕ್ಕೂ ಅಷ್ಟೇ ನೀರನ್ನು, ಅಷ್ಟೇ ಎತ್ತರದಿಂದ, ಒಂದೇ ಬಿರುಸಿನಲ್ಲಿ ಸುರಿಯಿರಿ.

ಬೋಳು ಮಣ್ಣಿನ ಲೋಟ ಬೇಗ ತುಂಬುತ್ತದೆ, ಟೀ ಬಣ್ಣದ ಕೆಸರು ನೀರು. ಹುಲ್ಲು ಹೊದಿಸಿದ್ದರಿಂದ ನಿಧಾನವಾಗಿ ಹನಿ ಹನಿ ಇಳಿಯುತ್ತದೆ, ಬಣ್ಣವೂ ತಿಳಿ. ಒಂದು ಡೇರಿ ಮುಂದೆ ಇದನ್ನು ಮಾಡಿದಾಗ ಹಾಲು ಹಾಕಲು ಬಂದಿದ್ದ ಒಬ್ಬ ಅಜ್ಜಿ ಕೆಸರಿನ ಲೋಟ ಎತ್ತಿ ಬೆಳಕಿಗೆ ಹಿಡಿದು "ಇದು ನಮ್ಮ ಮೇಲಿನ ಹೊಲದ ಮಣ್ಣು ಕಣಪ್ಪ" ಎಂದರು. ಆಮೇಲೆ ನಾನು ಏನೂ ವಿವರಿಸಬೇಕಾಗಲಿಲ್ಲ.

ಎಚ್ಚರಿಕೆ: ಮನೆಯಲ್ಲಿ ಒಂದು ಸಲ ಮಾಡಿ ನೋಡಿಕೊಂಡು ಹೋಗಿ. ಮಣ್ಣು ತೀರಾ ಒಣಗಿದ್ದರೆ, ಮರಳು ಜಾಸ್ತಿಯಿದ್ದರೆ ಎರಡೂ ನೀರು ಕುಡಿದುಬಿಡುತ್ತವೆ, ವ್ಯತ್ಯಾಸ ಕಾಣುವುದಿಲ್ಲ.

ಹಂತ 7: ಎಲ್ಲವನ್ನೂ ಹವಾಗುಣದ ತಲೆಗೆ ಕಟ್ಟಬೇಡಿ

ಇದು ನನಗೆ ತುಂಬ ಮುಖ್ಯ ಎನಿಸುವ ಹಂತ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಮಹದೇವಪುರ ಭಾಗ ಮುಳುಗಿತು. ಮಳೆ ಜೋರಾಗಿತ್ತು, ನಿಜ. ರಾಜಕಾಲುವೆ ಒತ್ತುವರಿಯಾಗಿದ್ದೂ, ನೀರು ಇಂಗಲು ಮಣ್ಣೇ ಉಳಿಯದಿದ್ದದ್ದೂ ಅಷ್ಟೇ ನಿಜ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಅಲ್ಲಿಯೂ ಭಾರಿ ಮಳೆ ಇತ್ತು, ಹೆದ್ದಾರಿಗಾಗಿ ಕಡಿದ ಗುಡ್ಡವೂ ಇತ್ತು. ಅದೇ ತಿಂಗಳ 30ರಂದು ವಯನಾಡಿನಲ್ಲಿ ಕುಸಿತವಾದಾಗ ವಿಜ್ಞಾನಿಗಳ ಒಂದು ತಂಡ ಲೆಕ್ಕ ಹಾಕಿ, ಹವಾಗುಣ ಬದಲಾವಣೆ ಆ ದಿನದ ಮಳೆಯನ್ನು ಸುಮಾರು ಶೇ 10ರಷ್ಟು ಹೆಚ್ಚಿಸಿತ್ತು ಎಂದು ಹೇಳಿತು. ಪೂರ್ತಿ ಮಳೆ ಅದರಿಂದಲೇ ಬಂತು ಎಂದು ಅವರು ಹೇಳಲಿಲ್ಲ.

ನೀವೂ ಹಾಗೇ ಪಾಲು ಹಂಚಿ ಮಾತಾಡಿ: ಎಷ್ಟು ಆಕಾಶದ್ದು, ಎಷ್ಟು ನಮ್ಮ ಕಾಲುವೆಯದ್ದು. 'ಎಲ್ಲಾ ಕ್ಲೈಮೇಟ್ ಚೇಂಜ್' ಎಂದುಬಿಟ್ಟರೆ ಕೆರೆ ಒತ್ತಿದವರಿಗೆ, ಗುಡ್ಡ ಕಡಿದವರಿಗೆ ನೀವೇ ನೆಪ ಕೊಟ್ಟಂತಾಗುತ್ತದೆ.

ಹಂತ 8: ಈ ಪ್ರಶ್ನೆಗಳು ಬಂದೇ ಬರುತ್ತವೆ

"ಹಿಂದೆ ಬರ ಇರಲಿಲ್ವಾ?" ಇತ್ತು. 1876ರಿಂದ 78ರ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನ ಲಕ್ಷಾಂತರ ಜನರನ್ನು ಕಳೆದುಕೊಂಡಿತು. ಬರ ಹೊಸದಲ್ಲ. ಬರ ತರುವ ಕಾರಣಗಳಲ್ಲಿ ಒಂದಾದ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರದ ನೀರು ಕೆಲವು ವರ್ಷಗಳಿಗೊಮ್ಮೆ ಬಿಸಿಯಾಗುವುದು, ಆಗಲೂ ಇತ್ತು, 2023ರಲ್ಲೂ ಇತ್ತು. ಈಗ ಅದು ಮೊದಲೇ ಕಾದ ಭೂಮಿಯ ಮೇಲೆ ಬರುತ್ತಿದೆ.

"ಅಮೆರಿಕದವರು ಮಾಡಿದ್ದಕ್ಕೆ ನಾವ್ಯಾಕೆ ಅನುಭವಿಸಬೇಕು?" ಈ ಸಿಟ್ಟು ನ್ಯಾಯವಾದದ್ದು, ಒಪ್ಪಿಕೊಳ್ಳಿ. ವರ್ಷಕ್ಕೆ ಒಬ್ಬ ಅಮೆರಿಕನ್ನನ ಪಾಲಿನ ಇಂಗಾಲದ ಡೈಆಕ್ಸೈಡ್ ಸುಮಾರು 14 ಟನ್, ಒಬ್ಬ ಭಾರತೀಯನದ್ದು ಸುಮಾರು 2 ಟನ್. ನಮ್ಮಲ್ಲೂ ಎಸಿ ಹಾಕಿ ಮಲಗುವವರದ್ದು ಒಂದು ಲೆಕ್ಕ, ತಗಡಿನ ಸೂರಿನಡಿ ಮಲಗುವವರದ್ದು ಇನ್ನೊಂದು. ಹಾಗಾಗಿ ಬಡವರಿಗೆ ಉಪದೇಶ ಮಾಡಬೇಡಿ. ಅವರ ಜೊತೆ ಬದುಕುಳಿಯುವ ದಾರಿ ಮಾತಾಡಿ. ಹೊಗೆ ಕಡಿಮೆ ಮಾಡುವ ಮಾತನ್ನು ಎಸಿ ಇರುವ ಸಭೆಗೆ ಇಟ್ಟುಕೊಳ್ಳಿ.

"ಗಿಡ ನೆಟ್ಟರೆ ಸಾಕಲ್ವಾ?" ಗಿಡ ಬೇಕು, ನೆರಳಿಗೆ, ಮಣ್ಣಿಗೆ, ಮೇವಿಗೆ. ಆದರೆ ದೇಶದ ಕರೆಂಟಿನಲ್ಲಿ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನಿಂದ ಬರುತ್ತಿರುವಾಗ ಗಿಡ ಒಂದೇ ಆ ಲೆಕ್ಕ ತೀರಿಸಲಾರದು. ಜೂನ್ 5ರಂದು ನೆಟ್ಟ ಗಿಡಗಳಲ್ಲಿ ಏಪ್ರಿಲ್‌ಗೆ ಎಷ್ಟು ಉಳಿದಿವೆ ಎಂದೂ ಕೇಳಿ.

"ಸೋಲಾರ್ ಹಾಕಿದ್ರೆ ಮುಗೀತಲ್ಲ?" ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಜಮೀನು ಕೊಂಡಿಲ್ಲ, ರೈತರಿಂದ ಗುತ್ತಿಗೆಗೆ ಪಡೆದದ್ದು. ಒಳ್ಳೆಯ ಕೆಲಸ. ಜಮೀನಿದ್ದವರಿಗೆ ಬಾಡಿಗೆ ಬಂತು, ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬರಲಿಲ್ಲ. ಈ ಎರಡನ್ನೂ ಹೇಳಿ.

"ಕಲಿಗಾಲ, ಇನ್ನೇನು ಮಾಡೋಕಾಗುತ್ತೆ?" ವಾದ ಮಾಡಬೇಡಿ. ಸೋತು ಸುಸ್ತಾದ ಮಾತು ಅದು. ಮುಂದಿನ ಹಂತಕ್ಕೆ ಹೋಗಿ.

ಹಂತ 9: ಒಂದೇ ಒಂದು ಕೆಲಸ ಗೊತ್ತುಮಾಡಿ ಎದ್ದೇಳಿ

ಹತ್ತು ಸಲಹೆ ಕೊಟ್ಟರೆ ಒಂದೂ ಆಗುವುದಿಲ್ಲ. ಆ ಜನ, ಆ ಊರು, ಈ ತಿಂಗಳು ಮಾಡಬಹುದಾದ ಒಂದನ್ನು ಅವರೇ ಆರಿಸಲಿ. ಕೆರೆಯ ಕೋಡಿ, ಕಾಲುವೆಯ ಹೂಳು ತೆಗೆಸುವ ಅರ್ಜಿ ಮುಂದಿನ ಗ್ರಾಮಸಭೆಗೆ. ಹೊಲಕ್ಕೆ ಹುಲ್ಲಿನ ಮುಚ್ಚಿಗೆ. ತಗಡಿನ ಸೂರಿಗೆ ಬಿಳಿ ಸುಣ್ಣ. ಎಲ್ಲರ ಫೋನಿನಲ್ಲಿ ಹವಾಮಾನ ನೋಡಿ ಬೆಳೆಗೆ ಸಲಹೆ ಕೊಡುವ 'ಮೇಘದೂತ್' ಮತ್ತು ಸಿಡಿಲಿನ ಮುನ್ಸೂಚನೆ ಕೊಡುವ 'ದಾಮಿನಿ' ಆ್ಯಪ್. ಯಾರು ಮಾಡುತ್ತಾರೆ, ಯಾವ ದಿನ ಎಂದು ಹಾಳೆಯಲ್ಲಿ ಹೆಸರು ಸಮೇತ ಬರೆದು ಅಲ್ಲೇ ಗೋಡೆಗೆ ಅಂಟಿಸಿ.

ಮಕ್ಕಳ ಮುಂದೆ ಇನ್ನೂ ಎಚ್ಚರ ಬೇಕು. "ನೀವು ದೊಡ್ಡವರಾಗುವ ಹೊತ್ತಿಗೆ ಎಲ್ಲ ಮುಳುಗುತ್ತೆ" ಎಂದು ಹೆದರಿಸಬೇಡಿ. ರಾತ್ರಿ ನಿದ್ದೆ ಬಾರದ ಮಗು ಏನನ್ನೂ ಮಾಡುವುದಿಲ್ಲ. ಅವರಿಗೆ ಮಳೆ ಅಳೆಯುವ ಕೆಲಸ ಕೊಡಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇರುವ, ತಳ ಸಮತಟ್ಟಾದ ಡಬ್ಬಿ ಒಂದು, ಸ್ಕೇಲ್ ಒಂದು. ಮರ, ಸೂರುಗಳಿಂದ ದೂರ, ಬಯಲಲ್ಲಿ, ಕಲ್ಲಿನ ನಡುವೆ ಅಲುಗದಂತೆ ಇಡಲಿ. ದಿನಾ ಬೆಳಿಗ್ಗೆ 8.30ಕ್ಕೆ ನೋಡಿ ಬರೆಯಲಿ, ಹವಾಮಾನ ಇಲಾಖೆ ಅಳೆಯುವುದೂ ಅದೇ ಹೊತ್ತಿಗೆ. ಬರೆದದ್ದು ನೋಟ್‌ಬುಕ್ಕಿನಲ್ಲಿ ಉಳಿಯಬಾರದು. ಡೇರಿ ಗೋಡೆಯ ಮೇಲೆ ಒಂದು ಕಪ್ಪು ಹಲಗೆ ಹಾಕಿಸಿ: ದಿನಾಂಕ, ಮಳೆ ನಕ್ಷತ್ರ, ಎಷ್ಟು ಮಿಲಿಮೀಟರ್. ಹಾಲು ಹಾಕಲು ಬಂದವರೆಲ್ಲ ಓದುತ್ತಾರೆ. ಶಾಲೆಗೆ ರಜೆ ಇದ್ದ ದಿನವೂ ಬರೆಯುವ ಒಬ್ಬ ಹುಡುಗ ಅಥವಾ ಹುಡುಗಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಎರಡು ತಿಂಗಳು ಬಿಟ್ಟು ನೀವು ಮತ್ತೆ ಆ ಊರಿಗೆ ಹೋದಾಗ ಮಾತನ್ನು ಆ ಹಲಗೆಯಿಂದಲೇ ಶುರು ಮಾಡಬಹುದು.